ಫೋಟೋದಾಗ ಬರಂಗಿಲ್ಲ

ಹೋದ ವಾರ ಅಟ್ಟದಿಂದ ಹಳೆಯ ಕ್ಯಾಮೆರಾ ಬ್ಯಾಗು ಇಳಿಸಿದೆ. ಮಗನ ಶಾಲೆಯಲ್ಲಿ ಏನೋ ಕಾರ್ಯಕ್ರಮ. ಮೊಬೈಲು ಸಾಕಲ್ಲವೇ ಎಂದು ಮನೆಯವರು ಅಂದರು, ಹಾಗೆ ಅಂದಿದ್ದಕ್ಕೇ ನನಗೆ ಹಠ ಬಂತು. ಜಿಪ್ಪು ಎಳೆದೆ. ಇಷ್ಟು ವರ್ಷ ಮುಚ್ಚಿಟ್ಟ ಬ್ಯಾಗಿನಿಂದ ಮುಗ್ಗಲು ವಾಸನೆ ಬರಬೇಕಿತ್ತು, ಬಂದದ್ದು ಹುರಿದ ಕಡಲೇಕಾಯಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ವಾಸನೆ. ಬ್ಯಾಟರಿ ಇಡುವ ಖಾನೆಯ ಹೊಲಿಗೆಯಲ್ಲಿ ಕೆಂಪು ಪುಡಿ ಇನ್ನೂ ಅಂಟಿಕೊಂಡಿತ್ತು. ನಾನು ಬ್ಯಾಗಿನೊಳಗೆ ಮೂಗು ತೂರಿಸಿ ಕೂತುಬಿಟ್ಟೆ. ಅಮ್ಮನಿಗೆ ಏನಾಯಿತೋ ಎಂದು ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅಮ್ಮ ಅಷ್ಟರಲ್ಲಿ ಪುಣೆಯ ಕೋಥರೂಡಿನ ಎರಡನೇ ಮಹಡಿಯ ಮನೆಯೊಂದಕ್ಕೆ ಹೋಗಿಯಾಗಿತ್ತು.

ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನನ್ನು ಪುಣೆಗೆ ಹಾಕಿದರು. ಮಂಡ್ಯದ ಹುಡುಗಿ ನಾನು, ಮರಾಠಿ ಒಂದಕ್ಷರ ಬಾರದು. ಕನ್ನಡದವರ ಮನೆಯಲ್ಲೇ ಇರಬೇಕೆಂದು ಅಪ್ಪ ಹಠ ಹಿಡಿದು, ಅವರಿವರನ್ನು ಕೇಳಿ, ಗಂಗಾಧರ ಕಾಕಾ ಮತ್ತು ಮಹಾದೇವಿ ಕಾಕು ಅವರ ಮನೆಯಲ್ಲಿ ಒಂದು ಕೋಣೆ ಗೊತ್ತು ಮಾಡಿದರು. ಅವರು ಗದಗದ ಕಡೆಯವರು. ಕಾಕಾ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬಿಡಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಹಾಲಿನಂಥ ಬಣ್ಣ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಕಾಕು ಕಪ್ಪಗೆ, ಎತ್ತರಕ್ಕೆ, ನಕ್ಕರೆ ಪಕ್ಕದ ಬಿಲ್ಡಿಂಗಿಗೆ ಕೇಳಿಸುವಂತೆ ನಗುವವರು. ಅಕ್ಕಪಕ್ಕದವರ ಬ್ಲೌಸು ಹೊಲಿಯುತ್ತಿದ್ದರು. ಅವರ ಮಗಳು ಮದುವೆಯಾಗಿ ಧನಕವಡಿಯಲ್ಲಿದ್ದಳು, ತಿಂಗಳಲ್ಲಿ ಎರಡು ಮೂರು ಸಲ ಬಂದು ಹೋಗುತ್ತಿದ್ದಳು.

ಕನ್ನಡದವರ ಮನೆ ಎಂದು ನೆಮ್ಮದಿಯಿಂದ ಹೋದವಳಿಗೆ ಮೊದಲ ದಿನವೇ ಗೊತ್ತಾಯಿತು: ಅವರದೂ ಕನ್ನಡ, ನನ್ನದೂ ಕನ್ನಡ, ಆದರೆ ನಡುವೆ ಒಬ್ಬ ದುಭಾಷಿ ಬೇಕು. ಬಸ್ಸಿಳಿದು ಬಂದವಳಿಗೆ ಕಾಕು "ಮೊದಲ ಮಾರಿ ತೊಳ್ಕೊಂಡು ಬಾ" ಅಂದರು. ಮಾರಿ ಅಂದರೆ ನಮಗೆ ಮಾರಮ್ಮ. ಮುಖ ಎಂದು ತಿಳಿಯಲು ಅವರು ಕೈಸನ್ನೆ ಮಾಡಬೇಕಾಯಿತು. ಊಟಕ್ಕೆ ಕೂತಾಗ "ಹಿಂಡಿ ಹಾಕ್ಲೇನವಾ?" ಎಂದು ಕೇಳಿದರು. ನಮ್ಮಲ್ಲಿ ಹಿಂಡಿ ತಿನ್ನುವುದು ಹಸು. ನಾನು ಬೇಡವೇ ಬೇಡ ಎಂದು ತಟ್ಟೆಗೆ ಕೈ ಅಡ್ಡ ಹಿಡಿದೆ. ಅದು ಕಡಲೇಕಾಯಿ ಚಟ್ನಿಪುಡಿ ಎಂದು ಗೊತ್ತಾಗಿ, ಬಿಸಿ ರೊಟ್ಟಿಗೆ ಎಣ್ಣೆ ಬಿಟ್ಟುಕೊಂಡು ತಿಂದ ಮೇಲೆ ಹಸುಗಳ ಮೇಲೆ ನನಗೆ ಗೌರವ ಹೆಚ್ಚಾಯಿತು.

ಕ್ಯಾಮೆರಾ ಬಂದದ್ದು ಆ ವರ್ಷದ ಮಳೆ ಶುರುವಾದಾಗ. ಅದು ನನ್ನ ಅಣ್ಣನದು. ಅತ್ತಿಗೆ ಮನೆಗೆ ಬಂದ ಮೇಲೆ ಅವನ ಫೋಟೋ ಹುಚ್ಚು ಬಿಟ್ಟಿತು, ಕ್ಯಾಮೆರಾ ನನ್ನ ಪಾಲಿಗೆ ಬಂತು. ಪುಣೆಯ ಮಳೆ ನಮ್ಮ ಮುಂಗಾರಿನ ಹಾಗೆ ಗುಡುಗಿ ಆರ್ಭಟಿಸಿ ಹೋಗುವಂಥದ್ದಲ್ಲ. ಬೆಳಿಗ್ಗೆ ಎದ್ದರೆ ಜಿಟಿಜಿಟಿ, ಸಂಜೆ ಬ್ಯಾಂಕಿನಿಂದ ಬಂದರೂ ಜಿಟಿಜಿಟಿ. ಸ್ಕೂಟರಿನವರೆಲ್ಲ ಬಣ್ಣಬಣ್ಣದ ರೇನ್‌ಕೋಟು ತೊಟ್ಟು ರಸ್ತೆ ತುಂಬಾ ಓಡಾಡುತ್ತಿದ್ದರು. ಬಾಲ್ಕನಿಯಲ್ಲಿ ಹಾಕಿದ ಬಟ್ಟೆ ಒಣಗುತ್ತಿರಲಿಲ್ಲ. ಹೊರಗೆ ಹೋಗಿ ಮಾಡುವಂಥದ್ದೇನೂ ಇಲ್ಲವಾದ್ದರಿಂದ ನಾನು ಬಾಲ್ಕನಿಯಲ್ಲಿ ನಿಂತು ಕ್ಯಾಮೆರಾ ಕಲಿಯತೊಡಗಿದೆ.

ಆಟೋದಲ್ಲಿಟ್ಟು ಗುಂಡಿ ಒತ್ತುವುದು ನನಗೆ ಬೇಡವಾಗಿತ್ತು. ಬೆಳಕನ್ನು ನಾನೇ ಅಳೆದು ಹಾಕಬೇಕು ಎಂಬ ಆಸೆ. ಇದಕ್ಕೆ ಕ್ಯಾಮೆರಾದಲ್ಲಿ ಮೂರು ದಾರಿ. ಲೆನ್ಸಿನೊಳಗಿನ ತೂತನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ಅದು ಅಪರ್ಚರ್. ಬೆಳಕು ಒಳಗೆ ಬರಲು ಶಟರನ್ನು ಎಷ್ಟು ಹೊತ್ತು ತೆರೆದಿಡಬೇಕು ಎಂದು ಹೇಳಬಹುದು. ಎರಡೂ ಸಾಲದೆ ಹೋದರೆ, ಒಳಗೆ ಬಂದಷ್ಟೇ ಬೆಳಕನ್ನು ಹೆಚ್ಚು ಮಾಡಿ ತೋರಿಸು ಎನ್ನಬಹುದು, ಅದು ಐಎಸ್‌ಒ. ಓದಿದರೆ ಇಷ್ಟೇ. ಮಾಡಲು ಹೊರಟರೆ ಒಂದನ್ನು ತಿರುಗಿಸಿದಾಗ ಇನ್ನೊಂದು ಕೆಡುತ್ತಿತ್ತು. ಶಟರ್ ನಿಧಾನ ಮಾಡಿದರೆ ಸ್ಕೂಟರುಗಳು ಬಣ್ಣದ ಗೀಟುಗಳಾದವು. ಚುರುಕು ಮಾಡಿದರೆ ಮಳೆಹನಿ ಗಾಳಿಯಲ್ಲಿ ನಿಂತಿತು, ಆದರೆ ಊರೆಲ್ಲ ಕತ್ತಲೆ. ಐಎಸ್‌ಒ ಏರಿಸಿದೆ, ಚಿತ್ರದ ತುಂಬ ಕಾಳುಕಾಳು ಎದ್ದಿತು. ಕಾಕಾ ಕನ್ನಡಕ ಏರಿಸಿಕೊಂಡು ನೋಡಿ, "ಇದರ ಮ್ಯಾಲೆ ರವಾ ಯಾರು ಉದುರಿಸ್ಯಾರ?" ಎಂದು ಕೇಳಿದರು.

ಕಾಕಾನಿಗೆ ಇದೆಲ್ಲದರಲ್ಲಿ ನನಗಿಂತ ಹೆಚ್ಚು ಆಸಕ್ತಿ. ನಕ್ಷೆಯವರಲ್ಲವೇ, ಅಂಕಿ ಕಂಡರೆ ಬಿಡರು. ಅಪರ್ಚರ್‌ನ ಅಂಕಿ ಸಣ್ಣದಾದಷ್ಟೂ ತೂತು ದೊಡ್ಡದಾಗುತ್ತದೆ ಎಂದು ಹೇಳಿದ ದಿನ ಅವರು ಚಹಾ ಕುಡಿಯುವುದನ್ನು ನಿಲ್ಲಿಸಿದರು.

"ಸಣ್ಣ ಅಂಕಿಗೆ ದೊಡ್ಡ ತೂತು, ದೊಡ್ಡ ಅಂಕಿಗೆ ಸಣ್ಣ ತೂತು? ಇದನ್ನ ಮಾಡಿದಾಂವ ನಮ್ಮ ಆಫೀಸಿನಾಗ ಇದ್ದಿದ್ರ ಅಂವಗ ಮೆಮೊ ಕೊಡ್ತಿದ್ರವಾ."

"ಅದು ಭಾಗಾಕಾರ ಕಾಕಾ. ಎರಡನೇ ಒಂದು ಭಾಗ ದೊಡ್ಡದೋ, ಹದಿನಾರನೇ ಒಂದು ಭಾಗವೋ?"

"ಹಂಗ ಮೊದಲ ಹೇಳಬೇಕಿಲ್ಲೋ," ಎಂದು ಚಹಾ ಮುಂದುವರಿಸಿದರು.

ಫೋಟೋಗೆ ಕರೆದರೆ ಸಾಕು, ಕಾಕಾ ತಲೆ ಬಾಚಿಕೊಂಡು ಬಂದು ನಿಲ್ಲುತ್ತಿದ್ದರು. ಒಂದು ಭಾನುವಾರ ಬಾಲ್ಕನಿಯಲ್ಲಿ ಅವರನ್ನು ನಿಲ್ಲಿಸಿ, ಒಳಗೆ ಹೊಲಿಗೆ ಯಂತ್ರದ ಮುಂದಿದ್ದ ಕಾಕುವನ್ನೂ ಕರೆದೆ. "ಕಾಕು, ನೀವೂ ಬನ್ನಿ. ಇಬ್ಬರದೂ ಒಂದು ತೆಗೀತೀನಿ."

ಕಾಕು ತಲೆ ಎತ್ತದೆ ಹೇಳಿದರು, "ಇಲ್ಲವಾ. ನಾ ಫೋಟೋದಾಗ ಬರಂಗಿಲ್ಲ."

ನಾನು ಕ್ಯಾಮೆರಾ ಕೆಳಗಿಳಿಸಿದೆ. ನಮ್ಮ ಮಂಡ್ಯದ ಕಡೆ ಹೋಗಂಗಿಲ್ಲ ಅಂದರೆ ಹೋಗಬಾರದು, ತಿನ್ನಂಗಿಲ್ಲ ಅಂದರೆ ತಿನ್ನಬಾರದು. ಯಾರೋ ಬೇಡ ಅಂದಿದ್ದಾರೆ ಎಂದು ಅರ್ಥ. ಫೋಟೋದಲ್ಲಿ ಬರಬಾರದು ಎಂದು ಈ ಹೆಂಗಸಿಗೆ ಯಾರು ಹೇಳಿದರು? ವ್ರತವೋ, ಹರಕೆಯೋ, ಯಾವುದಾದರೂ ಸ್ವಾಮಿಗಳ ಅಪ್ಪಣೆಯೋ? ಕೇಳಲು ಸಂಕೋಚ. ಆಮೇಲೆ ಗೋಡೆಗಳನ್ನು ಗಮನಿಸಿದೆ. ಕಾಕಾ ನಿವೃತ್ತರಾದಾಗಿನ ಫೋಟೋ, ಕಾಕಾ ಹಾರ ಹಾಕಿಸಿಕೊಂಡ ಫೋಟೋ, ಕಾಕಾ ಮತ್ತು ಮಗಳು. ಮದುವೆಯ ಫೋಟೋ ಒಂದು ಮೂಲೆಯಲ್ಲಿ ಬೀರುವಿನ ನೆರಳಿನಲ್ಲಿತ್ತು. ನನ್ನ ತಲೆಯಲ್ಲಿ ಅರ್ಥವಾಗಿಹೋಯಿತು. ಇದು ಗಂಡನದೇ ಕಟ್ಟಪ್ಪಣೆ. ಇಷ್ಟು ನಗುನಗುತ್ತಾ ಇರುವ ಮನುಷ್ಯ ಒಳಗೊಳಗೆ ಎಂಥವನಿರಬೇಕು!

ಅಂದಿನಿಂದ ನಾನು ಕಾಕಾನ ಮೇಲೆ ಸಣ್ಣದಾಗಿ ಸೇಡು ತೀರಿಸಿಕೊಳ್ಳತೊಡಗಿದೆ. ಅವರು ತಲೆ ಬಾಚಿ ನಿಂತರೆ ತಲೆ ಅರ್ಧ ಹೋಗುವ ಹಾಗೆ ತೆಗೆಯುತ್ತಿದ್ದೆ. ಪೇಪರನ್ನು ಮೊದಲು ನಾನೇ ಬಿಡಿಸಿ ಕೂರುತ್ತಿದ್ದೆ. "ಹುಡುಗಿಗೆ ಬ್ಯಾಂಕಿನಾಗ ಕೆಲಸ ಭಾಳ ಅದ" ಎಂದು ಅವರು ಕಾಕುವಿಗೆ ಹೇಳುವುದು ಕೇಳಿಸುತ್ತಿತ್ತು.

ಮಳೆ ಚೆನ್ನಾಗಿ ಹಿಡಿದ ಮೇಲೆ ಮೂವರೂ ಲೋಕಲ್ ಟ್ರೇನಿನಲ್ಲಿ ಲೋಣಾವಳಾಕ್ಕೆ ಹೋದೆವು. ದಾರಿಯಲ್ಲಿ ಹಸಿವಾದೀತೆಂದು ಕಾಕು ರೊಟ್ಟಿ ಕಟ್ಟಿಕೊಂಡರು, ಹಿಂಡಿಯ ಪೊಟ್ಟಣಕ್ಕೆ ತಮ್ಮ ಚೀಲದಲ್ಲಿ ಜಾಗ ಸಾಲದೆ ನನ್ನ ಕ್ಯಾಮೆರಾ ಬ್ಯಾಗಿನಲ್ಲಿ ತುರುಕಿದರು. ಲೋಣಾವಳಾದಲ್ಲಿ ಬೆಟ್ಟ ಇತ್ತೋ ಇಲ್ಲವೋ ಗೊತ್ತಿಲ್ಲ, ಮಂಜು ಮಾತ್ರ ಇತ್ತು. ಎಷ್ಟು ಬೆಳ್ಳಗೆಂದರೆ ಕಾಕಾನ ಅಂಗಿ ಅದರಲ್ಲಿ ಕಾಣುತ್ತಿರಲಿಲ್ಲ, ಬರೀ ತಲೆ ಓಡಾಡುತ್ತಿತ್ತು. ನಾನು ಖುಷಿಯಿಂದ ತೆಗೆದದ್ದೇ ತೆಗೆದದ್ದು. ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ಬೆಳ್ಳನೆಯ ಮಂಜು ಎಲ್ಲದರಲ್ಲೂ ಒಲೆಯ ಬೂದಿಯ ಬಣ್ಣ. ಕಣ್ಣೆದುರು ಬಿಳಿ, ಕ್ಯಾಮೆರಾದಲ್ಲಿ ಬೂದಿ. ಯಾಕೆಂದು ತಿಳಿಯದೆ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ರಸ್ತೆಬದಿಯ ಜೋಳ ಸುಡುವವಳ ಕೊಡೆಯ ಕೆಳಗೆ ನಿಂತಿದ್ದೆವು. ಕಾಕು ಕೈಯಲ್ಲಿ ಸುಟ್ಟ ತೆನೆ, ಕೂದಲಲ್ಲಿ ಮಂಜಿನ ಹನಿ, ಏನೋ ನೆನೆದು ನಗುತ್ತಿದ್ದರು. ಇಂಥದ್ದನ್ನು ತೆಗೆಯದಿದ್ದರೆ ಕ್ಯಾಮೆರಾ ಯಾಕೆ ಬೇಕು ಅನ್ನಿಸಿತು. ನಾನು ಕಾಕಾನ ಕಡೆ ತಿರುಗಿ ಕೇಳಿಯೇಬಿಟ್ಟೆ.

"ಕಾಕಾ, ತಪ್ಪು ತಿಳ್ಕೋಬೇಡಿ. ಕಾಕು ಫೋಟೋದಲ್ಲಿ ಬಂದರೆ ನಿಮಗೇನು ಕಷ್ಟ? ಯಾಕೆ ಬೇಡ ಅಂದಿದೀರಾ?"

ಕಾಕಾ ಜೋಳ ಅಗಿಯುವುದನ್ನು ನಿಲ್ಲಿಸಿದರು. "ಯಾರು ಬ್ಯಾಡಂದ್ರು?"

"ನೀವೇ ಅಲ್ವಾ? ಅವರೇ ಹೇಳಿದ್ರು, ನಾನು ಫೋಟೋದಲ್ಲಿ ಬರಂಗಿಲ್ಲ ಅಂತ."

ಕಾಕಾ ಹೆಂಡತಿಯ ಮುಖ ನೋಡಿದರು. ಕಾಕು ನನ್ನ ಮುಖ ನೋಡಿದರು. ಆಮೇಲೆ ಕಾಕು ನಕ್ಕ ನಗುವಿಗೆ ಜೋಳದವಳು ಕೂಡ ಏನೆಂದು ತಿಳಿಯದೆ ನಕ್ಕಳು.

"ಅಯ್ಯ ಹುಚ್ಚವ್ವ, ಬರಂಗಿಲ್ಲ ಅಂದ್ರ ಬರಬಾರದು ಅಂತಲ್ಲ. ನಾ ನಿಂದರತೀನಿ ಖರೆ, ಆದರ ಫೋಟೋದಾಗ ಬರಂಗಿಲ್ಲ. ಕಾಣಂಗೇ ಇಲ್ಲ. ನಮ್ಮ ಮದಿವಿ ಫೋಟೋ ನೋಡೀ ಇಲ್ಲೋ? ಇವರು ಬಂದಾರ. ನನ್ನ ಶೀರಿ ಬಂದದ, ಮೂಗಬಟ್ಟು ಬಂದದ. ನಾ ಎಲ್ಲಿ ಬಂದೀನಿ?"

"ಅದಕ್ಕ ಪೇಪರ್ ಮೊದಲ ನೀನ ಹಿಡಕೊಂಡು ಕೂಡತಿದ್ದೇನವಾ?" ಎಂದು ಕಾಕಾ ನನ್ನನ್ನು ಕೇಳಿದರು.

ನಾನೂ ನಕ್ಕೆ. ಆದರೆ ಟ್ರೇನಿನಲ್ಲಿ ಕಿಟಕಿ ಪಕ್ಕ ಕೂತಾಗ ಆ ನಗು ಇರಲಿಲ್ಲ. ಮದುವೆಯ ಫೋಟೋದಲ್ಲಿ ಸೀರೆ ಬಂದು ಮದುಮಗಳು ಬಂದಿಲ್ಲ. ಅದನ್ನು ಆಕೆ ಅಷ್ಟು ವರ್ಷಗಳಿಂದ ತನ್ನದೇ ಕೊರತೆ ಎಂದು ನಂಬಿದ್ದಾರೆ. ನನಗೆ ಸಂಕಟವಾಯಿತು. ಅಷ್ಟರಲ್ಲಿ ಆ ಬೂದಿ ಬಣ್ಣದ ಮಂಜಿನ ಫೋಟೋಗಳು ಕಣ್ಣಿಗೆ ಬಿದ್ದವು, ತಲೆಯೊಳಗೆ ಏನೋ ಟಕ್ಕೆಂದಿತು.

ಅಂಕಿ ತಿರುಗಿಸುವುದು ನಾನಾದರೂ ಬೆಳಕು ಎಷ್ಟೆಂದು ಅಳೆದು ಹೇಳುವುದು ಕ್ಯಾಮೆರಾ. ಅದಕ್ಕೆ ಬಣ್ಣದ ಜ್ಞಾನವಿದ್ದರೂ ಬೆಳಕಿನ ವಿಷಯದಲ್ಲಿ ಒಂದು ಮೊಂಡು ನಂಬಿಕೆ ಇದೆ. ಎದುರಿಗೆ ಇರುವುದೆಲ್ಲ ಸರಾಸರಿ ಬೂದಿಯೇ ಎಂದು ಅದರ ಲೆಕ್ಕ. ಬಿಳಿ ಮಂಜು ಕಂಡರೆ ಬೆಳಕು ಹೆಚ್ಚಾಯಿತೆಂದು ಅಮುಕಿ ಬೂದಿ ಮಾಡುತ್ತದೆ. ಬಿಳಿ ಅಂಗಿ ಕಂಡರೂ ಹಾಗೇ. ಕಾಕಾನ ಬಿಳಿ ಅಂಗಿ, ಬಿಳಿ ಮುಖ ನೋಡಿ ಅದು ಎಲ್ಲವನ್ನೂ ಅಮುಕುತ್ತದೆ, ಪಕ್ಕದಲ್ಲಿ ನಿಂತ ಕಾಕು ಕತ್ತಲಲ್ಲಿ ಮುಳುಗುತ್ತಾರೆ. ತಪ್ಪು ಕಾಕುವಿನ ಬಣ್ಣದ್ದಲ್ಲ, ಕಾಕಾನ ಅಂಗಿಯದು. ಇದನ್ನು ಟ್ರೇನಿನಲ್ಲೇ ಗಟ್ಟಿಯಾಗಿ ಹೇಳಿದೆ. ಕಾಕಾ ತಮ್ಮ ಅಂಗಿಯನ್ನು ಮುಟ್ಟಿ ನೋಡಿಕೊಂಡರು.

ಮರುದಿನವೇ ಸಂಜೆ ಕಾಕುವನ್ನು ಒಬ್ಬರನ್ನೇ ಅಡುಗೆಮನೆಯ ಕಪ್ಪು ಬಾಗಿಲಿನ ಮುಂದೆ ನಿಲ್ಲಿಸಿದೆ. ಉತ್ಸಾಹದಲ್ಲಿ ನಾನು ಯೋಚಿಸದೆ ಬಿಟ್ಟದ್ದೇನೆಂದರೆ, ಬಿಳಿಯನ್ನು ಅಮುಕುವ ಕ್ಯಾಮೆರಾ ಕಪ್ಪನ್ನು ಎತ್ತುತ್ತದೆ. ಕಪ್ಪು ಬಾಗಿಲು, ನೀಲಿ ಸೀರೆ, ಕಪ್ಪು ಮುಖ ನೋಡಿ ಅದು ಬೆಳಕು ಸಾಲದೆಂದು ಎಲ್ಲವನ್ನೂ ತಿಳಿ ಮಾಡಿತು. ಕಾಣುತ್ತಿದ್ದಾರಲ್ಲ ಎಂದು ನಾನು ಕುಣಿದೆ. ಕಂಪ್ಯೂಟರಿನಲ್ಲಿ ಇನ್ನೊಂದಿಷ್ಟು ಬೆಳ್ಳಗೆ ಮಾಡಿ ಪ್ರಿಂಟು ಹಾಕಿಸಿ ತಂದೆ. ಬ್ಲೌಸಿಗೆ ಅಳತೆ ಕೊಡಲು ಬಂದಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು ನೋಡಿ, "ಕಾಕೂ, ಕಿತೀ ಗೋರ್‍ಯಾ ದಿಸತಾಯ್" ಎಂದು ಮೆಚ್ಚಿದರು, ಎಷ್ಟು ಬೆಳ್ಳಗೆ ಕಾಣ್ತೀರಿ ಎಂದು. ಕಾಕು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಛಲೋ ಅದವಾ," ಅಂದರು. ಆಮೇಲೆ ಮೆಲ್ಲಗೆ ಕೇಳಿದರು, "ಯಾರಿಕಿ?"

ನನ್ನ ಮನಸ್ಸು ನೋಯಬಾರದೆಂದು ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಜೋಪಾನವಾಗಿ ಇಟ್ಟರು. ಮೊದಲು ಕತ್ತಲೆಯಲ್ಲಿ ಕಳೆದುಹೋಗುತ್ತಿದ್ದವರನ್ನು ನಾನು ಸುಣ್ಣದಲ್ಲಿ ಕಳೆದಿದ್ದೆ. ಇನ್ನು ಅವರ ತಂಟೆಗೆ ಹೋಗುವುದು ಬೇಡವೆಂದು ಮತ್ತೆ ಸ್ಕೂಟರುಗಳ ಕಡೆ ತಿರುಗಿದೆ.

ಗಣಪತಿ ಹಬ್ಬ ಬಂತು. ಕೋಥರೂಡಿನ ಗಲ್ಲಿಗಳಲ್ಲಿ ಢೋಲು ತಾಲೀಮು ಮುಗಿದು ನಿಜವಾದ ಢೋಲು ಶುರುವಾಯಿತು. ಧನಕವಡಿಯಿಂದ ಮಗಳು ಬಂದಳು, ಜೊತೆಗೆ ಅವಳ ಮಗಳು, ಎರಡನೇ ಕ್ಲಾಸಿನ ಮುಕ್ತಾ. ಮುಕ್ತಾಳಿಗೆ ಅಜ್ಜಿಯ ಬಣ್ಣ, ಅಜ್ಜಿಯ ಕಣ್ಣು, ಅಜ್ಜಿಯ ನಗು ಎಲ್ಲವೂ ಬಂದಿತ್ತು. ಮನೆಯಿಡೀ ಅವಳದೇ ಗಲಾಟೆ. ಆರತಿ ಮುಗಿದ ಮೇಲೆ ಬಿಲ್ಡಿಂಗಿನ ಮಕ್ಕಳನ್ನೆಲ್ಲ ಗಣಪತಿಯ ಮುಂದೆ ಸಾಲಾಗಿ ಕೂರಿಸಿ ನಾನು ಕ್ಯಾಮೆರಾ ಎತ್ತಿದೆ. ಮುಕ್ತಾ ಸಾಲಿನಿಂದ ಎದ್ದು ಹೋಗಿ ಬಾಗಿಲ ಪರದೆಯ ಹಿಂದೆ ನಿಂತಳು.

"ಬಾರೇ ಮುಕ್ತಾ," ಎಂದೆ.

ಪರದೆಯ ಹಿಂದಿನಿಂದ ದನಿ ಬಂತು, ಬೇಸರವಿಲ್ಲ, ಅಳುವಿಲ್ಲ, ಮಗ್ಗಿ ಒಪ್ಪಿಸಿದ ಹಾಗೆ. "ನಾ ಅಜ್ಜಿ ಹಂಗ. ಫೋಟೋದಾಗ ಬರಂಗಿಲ್ಲ."

ಈಗ ನನಗೆ ಆ ಮಾತಿಗೆ ದುಭಾಷಿ ಬೇಕಾಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕಡುಬಿನ ತಟ್ಟೆ ಹಿಡಿದು ನಿಂತಿದ್ದ ಕಾಕುವಿಗೂ ಕೇಳಿಸಿತು. ಅವರು ತಟ್ಟೆಯನ್ನು ಗಣಪತಿಯ ಮುಂದಿಡುವುದನ್ನು ಬಿಟ್ಟು ಒಳಗೆ ಒಯ್ದರು. ಸಂಜೆಯವರೆಗೂ ಆ ಮನೆಯಲ್ಲಿ ಅವರ ನಗು ಕೇಳಿಸಲಿಲ್ಲ.

ದೀಪ ಹಚ್ಚಿದ ಮೇಲೆ ನನ್ನ ಕೋಣೆಗೆ ಬಂದು ಮಂಚದ ಅಂಚಿಗೆ ಕೂತರು. "ಚೈತ್ರಾ, ನಾಳೆ ನನ್ನ ಫೋಟೋ ತಗಿ. ಬೆಳ್ಳಗ ಬ್ಯಾಡ. ನಾ ನನ್ನಂಗ ಬರಬೇಕು. ಆ ಹುಡುಗಿ ಹೋಗೂದ್ರಾಗ ಆಗಬೇಕು." ಏಳುತ್ತಾ ಹೇಳಿದರು, "ನಾ ಸುಮ್ನ ಆಡೋ ಮಾತು ಅದು. ಆಕಿ ಖರೇ ಅಂತ ತಿಳಕೊಂಡಾಳ."

ಬ್ಯಾಂಕಿನ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ. ಈ ಸಲವೂ ಕಾಕು ಕತ್ತಲೆಯಾದರೆ, ಅಥವಾ ಮತ್ತೆ ಸುಣ್ಣವಾದರೆ, ಆ ಮಗು ತಾನು ಹೇಳಿದ್ದೇ ಸರಿ ಎಂದುಕೊಂಡು ಧನಕವಡಿಗೆ ಹೋಗುತ್ತದೆ. ಆಮೇಲೆ ಅವಳ ಶಾಲೆಯ ಫೋಟೋ, ಕಾಲೇಜಿನ ಫೋಟೋ, ಮದುವೆಯ ಫೋಟೋ ಎಲ್ಲದರಲ್ಲೂ ಒಂದು ಪರದೆ ಇರುತ್ತದೆ.

ಬೆಳಿಗ್ಗೆ ಮಳೆ ನಿಂತಿತ್ತು, ಮೋಡ ಹಾಗೇ ಇತ್ತು. ಅಂಥ ಬೆಳಕು ಪುಣೆಯ ಮಳೆಗಾಲದ ಉಡುಗೊರೆ. ಎಲ್ಲ ಕಡೆಯಿಂದಲೂ ಸಮನಾಗಿ, ಮೆತ್ತಗೆ ಬರುತ್ತದೆ, ಯಾರ ಮುಖವನ್ನೂ ಹೊಡೆಯುವುದಿಲ್ಲ. ಬಾಲ್ಕನಿಯ ಬಾಗಿಲಿಗೆ ಮುಖ ಮಾಡಿ ಎರಡು ಕುರ್ಚಿ ಹಾಕಿದೆ. ಕಾಕು ಅರಿಸಿನ ಬಣ್ಣದ ಇಲಕಲ್ ಸೀರೆ ಉಟ್ಟು ಬಂದರು. "ಕಪ್ಪಗಿದ್ದಾರು ಇದನ್ನ ಉಡಬಾರದಂತ. ನನಗ ಇದ ಸೇರ್ತದ," ಅಂದರು. ಕಾಕಾ ಬಂದರು, ಹೊಸದಾಗಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ.

"ಕಾಕಾ, ಬೇರೆ ಅಂಗಿ ಹಾಕ್ಕೊಳ್ಳಿ," ಎಂದು ಗೋಗರೆದೆ.

"ಬಿಳಿ ಅಂಗಿ ಇಲ್ಲಾಂದ್ರ ನಾ ಅಂತ ಯಾರಿಗೆ ಗೊತ್ತಾಗತದವಾ?"

ಸರಿ, ಹಾಗಾದರೆ ಅಂಗಿಯ ಗತಿ ಅಂಗಿಗೆ ಎಂದುಕೊಂಡೆ. ಅಳತೆಯನ್ನು ಇಡೀ ಚಿತ್ರದಿಂದ ತೆಗೆದುಕೊಳ್ಳದೆ ಕಾಕುವಿನ ಕೆನ್ನೆಯ ಮೇಲಿನ ಒಂದು ಚುಕ್ಕೆಯಷ್ಟು ಜಾಗದಿಂದ ಮಾತ್ರ ತೆಗೆದುಕೊಂಡೆ. ಆ ಕೆನ್ನೆಯನ್ನೂ ಬೂದಿ ಮಾಡಲು ಕ್ಯಾಮೆರಾ ಬೆಳಕು ಎತ್ತುತ್ತದೆಂದು ಈಗ ಗೊತ್ತಿತ್ತು, ಅದಕ್ಕೇ ಅದು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಕಡಿಮೆ ಇಟ್ಟೆ. ಮೊದಲನೆಯದು ಅಲುಗಿತು, ಕಾಕುವಿಗೆ ನಗು ತಡೆಯಲಾಗಲಿಲ್ಲ. ಎರಡನೆಯದಕ್ಕೆ ಕಾಕಾ ಕಣ್ಣು ಮುಚ್ಚಿದರು. ಶಟರ್ ಚುರುಕು ಮಾಡಿ, ಅಪರ್ಚರ್ ಹಿಗ್ಗಿಸಿ, ಉಸಿರು ಹಿಡಿದು ಮತ್ತೊಂದು ತೆಗೆದೆ. ನೋಡಿದೆ. ಇನ್ನೊಮ್ಮೆ ನೋಡಿ ಕ್ಯಾಮೆರಾವನ್ನು ಕಾಕುವಿನ ಕೈಗೆ ಕೊಟ್ಟೆ.

ಕಾಕು ಅದನ್ನು ಮಡಿಲಲ್ಲಿಟ್ಟುಕೊಂಡು ಬಗ್ಗಿ ನೋಡಿದರು. ಕಪ್ಪು ಕಪ್ಪಾಗಿಯೇ ಇತ್ತು, ಹದವಾದ ಬೆಲ್ಲದ ಬಣ್ಣ, ಹಣೆಯ ಮೇಲೆ ಮೋಡದ ಬೆಳಕಿನ ತೆಳು ಹೊಳಪು. ಕಣ್ಣಿನ ಬದಿಯ ನಗೆಗೆರೆಗಳು ಒಂದೂ ಬಿಡದೆ ಬಂದಿದ್ದವು. ಅವರು ತಮ್ಮ ಗದ್ದವನ್ನು ಬೆರಳಿನಿಂದ ಮುಟ್ಟಿಕೊಂಡರು. "ಈ ಮಚ್ಚಿನೂ ಬಂದದ," ಅಂದರು. ಆಮೇಲೆ ಪಕ್ಕಕ್ಕೆ ನೋಡಿ ಅವರದೇ ಆ ದೊಡ್ಡ ನಗು ನಕ್ಕರು. ಕಾಕಾನ ಅಂಗಿ ಬೆಂದು ಸುಣ್ಣವಾಗಿತ್ತು. ಗುಂಡಿಯಿಲ್ಲ, ಜೇಬಿಲ್ಲ, ಮಡಿಕೆಯಿಲ್ಲ, ಬರೀ ಒಂದು ಬಿಳಿ ತೇಪೆ, ಮೇಲೊಂದು ಮಸುಕಾದ ಮುಖ.

"ಈ ಸಲ ನೀವ ಬಂದಿಲ್ಲ ನೋಡ್ರಿ."

ಕಾಕಾ ಕನ್ನಡಕ ಏರಿಸಿಕೊಂಡು ನೋಡಿದರು. ಅಂಗಿಯ ಬಗ್ಗೆ ಏನಾದರೂ ಅನ್ನುತ್ತಾರೆಂದು ಕಾದೆ. "ನಂದಿರ್ಲಿ ಬಿಡು," ಅಂದರು. "ನೀ ಬಂದೀ."

ಮುಕ್ತಾ ಅಷ್ಟು ಹೊತ್ತೂ ಕೋಣೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದವಳು ಹತ್ತಿರ ಬಂದು ಅಜ್ಜಿಯ ಕೈಯಿಂದ ಕ್ಯಾಮೆರಾ ಇಸಿದುಕೊಂಡಳು. ಅದನ್ನು ಎತ್ತಿ ಅಜ್ಜಿಯ ಮುಖದ ಪಕ್ಕಕ್ಕೆ ಹಿಡಿದಳು. ಕ್ಯಾಮೆರಾದ ಪರದೆ ನೋಡಿದಳು, ಮುಖ ನೋಡಿದಳು, ಮತ್ತೆ ಪರದೆ ನೋಡಿದಳು.

"ಅಜ್ಜೀನೇ ಅದ," ಎಂದಳು ಮುಕ್ತಾ.

ಕ್ಯಾಮೆರಾವನ್ನು ನನ್ನ ಕೈಗೆ ತುರುಕಿ, ಕಾಕಾನ ತೋಳು ಹಿಡಿದು ಎಳೆದಳು. "ಅಜ್ಜಾ, ನೀ ಏಳು." ಅವರು ಎದ್ದ ಕುರ್ಚಿಯ ಮೇಲೆ ಹತ್ತಿ ಕೂತು, ಅಜ್ಜಿಗೆ ಒತ್ತಿಕೊಂಡು, ಮುಂಗುರುಳು ಸರಿಸಿಕೊಂಡು ಬಾಗಿಲ ಬೆಳಕಿಗೆ ಮುಖ ಎತ್ತಿದಳು.

"ಅಕ್ಕಾ, ತಗಿ. ನಾನೂ ಬರ್ತೀನಿ."

ನಾನು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೆ. ಅಜ್ಜಿಗೆಂದು ಇಟ್ಟಿದ್ದ ಅಂಕಿಗಳಲ್ಲಿ ಒಂದನ್ನೂ ಬದಲಿಸಲಿಲ್ಲ. ಮೊಮ್ಮಗಳಿಗೂ ಅವೇ ಸರಿಹೋದವು.